ಇಂಗ್ಲೆಂಡಿನ ಯಾರ್ಕ್, ಬಾತ್, ಆಕ್ಸ್‌ಫರ್ಡ್: ಎಲ್ಲಿ ಉಣ್ಣಬೇಕು, ಎಷ್ಟು ಹೊತ್ತಿಗೆ, ಏನು ಕೇಳಬೇಕು

ಯಾರ್ಕ್‌ನ ಮಿನ್‌ಸ್ಟರ್ ಎಂಬ ದೊಡ್ಡ ಚರ್ಚ್ ನೋಡಿ, ಕೋಟೆಗೋಡೆಯ ಮೇಲೆ ಒಂದು ಸುತ್ತು ಹಾಕಿ ಕೆಳಗಿಳಿಯುವಾಗ ಮಧ್ಯಾಹ್ನ ಮೂರು ದಾಟಿದ್ದರೆ ಬಿಸಿ ಊಟ ಹುಡುಕುವುದು ಕಷ್ಟವಾಗುತ್ತದೆ. ಊರಲ್ಲಿ ತಿನ್ನುವ ಜಾಗಗಳಿಗೆ ಬರವಿಲ್ಲ. ಆದರೆ ಅನೇಕ ಪಬ್‌ಗಳಲ್ಲಿ ಎರಡೂವರೆಗೆ ಅಡುಗೆಮನೆ ಮುಚ್ಚಿದರೆ ಮತ್ತೆ ಒಲೆ ಹಚ್ಚುವುದು ಸಂಜೆ ಐದೂವರೆ, ಆರಕ್ಕೆ. ಬಾಗಿಲು ತೆರೆದಿರುತ್ತದೆ, ಒಳಗೆ ಜನ ಕೂತಿರುತ್ತಾರೆ, ಊಟ ಮಾತ್ರ ಇರುವುದಿಲ್ಲ. ಕೆಫೆಗಳು ನಾಲ್ಕೂವರೆ, ಐದಕ್ಕೆ ಕುರ್ಚಿ ಎತ್ತಿಡುತ್ತವೆ. ರಾತ್ರಿ ಎಂಟೂವರೆ, ಒಂಬತ್ತರ ಮೇಲೆ ಹೋದರೆ ಕೊನೆಯ ಆರ್ಡರ್ ಮುಗಿದಿರುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ದಿನದ ಪಟ್ಟಿ ಮಾಡುವಾಗ ಊಟದ ಹೊತ್ತನ್ನು ಮೊದಲು ಬರೆದು, ನೋಡುವ ಜಾಗಗಳನ್ನು ಅದರ ಸುತ್ತ ಜೋಡಿಸಿಕೊಳ್ಳಿ. ಪ್ರವಾಸಿ ಬಸ್ಸುಗಳ ಗುಂಪು ನುಗ್ಗುವುದು ಹನ್ನೆರಡೂವರೆಯಿಂದ ಎರಡರವರೆಗೆ. ಕಾಲು ಕಡಿಮೆ ಹನ್ನೆರಡಕ್ಕೇ ಕೂತವರಿಗೆ ಕಿಟಕಿ ಪಕ್ಕದ ಜಾಗವೂ ಸಿಗುತ್ತದೆ, ಬಿಸಿ ಊಟವೂ ಸಿಗುತ್ತದೆ.

ಪಬ್‌ನಲ್ಲಿ ಮೇಜಿನ ಮುಂದೆ ಕೂತು ಕಾಯಬೇಡಿ, ಹೆಚ್ಚಿನ ಕಡೆ ಯಾರೂ ಬರುವುದಿಲ್ಲ. ಮೊದಲು ಖಾಲಿ ಮೇಜು ಹಿಡಿದು, ಅದರ ನಂಬರ್ ನೋಡಿಕೊಂಡು, ಬಾರ್ ಕೌಂಟರಿಗೆ ಹೋಗಿ ಆರ್ಡರ್ ಹೇಳಿ, ಅಲ್ಲೇ ದುಡ್ಡು ಕೊಟ್ಟು ಬನ್ನಿ. ಮದ್ಯ ಕುಡಿಯಲೇಬೇಕೆಂದಿಲ್ಲ, ಮಕ್ಕಳನ್ನೂ ಕರೆದೊಯ್ಯಬಹುದು. ಮದ್ಯದ ಲೈಸೆನ್ಸ್ ಇರುವ ಜಾಗದಲ್ಲಿ ಕೇಳಿದ ಗಿರಾಕಿಗೆ ನಲ್ಲಿ ನೀರನ್ನು ಪುಕ್ಕಟೆ ಕೊಡಬೇಕೆಂಬುದು ಅಲ್ಲಿನ ಕಾನೂನು. 'ಟ್ಯಾಪ್ ವಾಟರ್' ಎಂದೇ ಕೇಳಿ, ಬರೀ ನೀರು ಎಂದರೆ ಬಾಟಲಿ ಬಂದು ಬಿಲ್ಲಿಗೂ ಸೇರಬಹುದು. ಮೆನುವಿನ ಬೆಲೆಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ರೆಸ್ಟೋರೆಂಟ್ ಬಿಲ್ಲಿನ ಕೊನೆಯಲ್ಲಿ ಶೇ. 10ರಿಂದ 12.5ರಷ್ಟು ಸರ್ವಿಸ್ ಚಾರ್ಜ್ ಕಂಡರೆ ಪಕ್ಕದಲ್ಲಿ 'ಆಪ್ಷನಲ್' ಎಂದಿದೆಯೇ ನೋಡಿ. ಹಾಗಿದ್ದರೆ ತೆಗೆಸಬಹುದು, ಇಟ್ಟುಕೊಂಡರೆ ಮೇಲೆ ಟಿಪ್ಸ್ ಬೇಕಿಲ್ಲ. ತಣ್ಣನೆಯ ಸ್ಯಾಂಡ್‌ವಿಚ್ ಕಟ್ಟಿಸಿಕೊಂಡು ಹೋದರೆ ತೆರಿಗೆ ಇಲ್ಲ, ಅಲ್ಲೇ ಕೂತು ತಿಂದರೆ ಶೇ. 20. ಕೆಲವು ಕೆಫೆಗಳ ಫಲಕದಲ್ಲಿ ಒಂದೇ ತಿಂಡಿಗೆ ಎರಡು ಬೆಲೆ ಇರುವುದು ಇದೇ ಕಾರಣಕ್ಕೆ.

ಸಸ್ಯಾಹಾರಿಗಳು ಸರಿಯಾಗಿ ತಿಳಿದುಕೊಂಡು ಹೋಗಬೇಕಾದದ್ದು ಮೆನುವಿನ ಗುರುತುಗಳನ್ನು. 'ವಿ' ಎಂದರೆ ಮಾಂಸ, ಮೀನು ಇಲ್ಲ, ಅಷ್ಟೇ, ಮೊಟ್ಟೆ ಇರಬಹುದು. ಮೊಟ್ಟೆ ತಿನ್ನದವರಿಗೆ ನೇರವಾದ ದಾರಿ ವೀಗನ್ ಗುರುತು. ಅದರಲ್ಲಿ ಹಾಲು, ತುಪ್ಪ, ಮೊಟ್ಟೆ ಯಾವುದೂ ಇರುವುದಿಲ್ಲ. ಮೊಟ್ಟೆ ಅಡಗಿರುವುದು ಕೇಕು, ಕೀಶ್, ಮೇಯನೇಸ್, ಯಾರ್ಕ್‌ಷೈರ್ ಪುಡಿಂಗ್‌ನಂಥವುಗಳಲ್ಲಿ. ಸ್ಕೋನ್ ಎಂಬ ಸಣ್ಣ ಬನ್‌ನಂಥ ತಿಂಡಿಯ ಮೇಲೆ ಹೊಳಪಿಗೆಂದು ಮೊಟ್ಟೆ ಬಳಿದಿರುವುದು ಸಾಮಾನ್ಯ. ತರಕಾರಿ ಸೂಪಿಗೆ ಕೋಳಿ ಬೇಯಿಸಿದ ನೀರು ಹಾಕಿರಬಹುದು, ವೂಸ್ಟರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನಿದೆ, ಪಾರ್ಮೆಜಾನ್ ಚೀಸ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯ ರೆನೆಟ್‌ನಿಂದ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಫಿಶ್ ಅಂಡ್ ಚಿಪ್ಸ್ ಅಂಗಡಿಯಲ್ಲಿ. ಯಾರ್ಕ್ ಇರುವ ಯಾರ್ಕ್‌ಷೈರ್ ಕಡೆ ಆಲೂಗಡ್ಡೆ ಚಿಪ್ಸನ್ನು ದನದ ಕೊಬ್ಬಿನಲ್ಲಿ ಕರಿಯುವ ರೂಢಿ ಇನ್ನೂ ಗಟ್ಟಿಯಾಗಿದೆ. ಅದನ್ನು 'ಬೀಫ್ ಡ್ರಿಪ್ಪಿಂಗ್' ಎನ್ನುತ್ತಾರೆ, ಹೆಮ್ಮೆಯಿಂದ ಫಲಕವನ್ನೂ ಹಾಕಿರುತ್ತಾರೆ. ಮೀನು ತಿಂದರೂ ದನದ್ದು ಬೇಡ ಎನ್ನುವವರೂ ಇದನ್ನು ಕೇಳಲೇಬೇಕು. 'ವೆಜಿಟೇರಿಯನ್ ಇದೆಯೇ' ಎಂದರೆ ಚಿಪ್ಸ್ ತೋರಿಸಿಬಿಡಬಹುದು. 'ಯಾವುದರಲ್ಲಿ ಕರಿಯುತ್ತೀರಿ' ಎಂದು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ.

ಎಲ್ಲೆಡೆ ಸಿಗುವ, ಹೊಟ್ಟೆಯೂ ತುಂಬುವ ಊಟವೆಂದರೆ ಜಾಕೆಟ್ ಪೊಟೇಟೊ: ಸಿಪ್ಪೆ ಸಮೇತ ಸುಟ್ಟ ದೊಡ್ಡ ಆಲೂಗಡ್ಡೆ, ಮೇಲೆ ಟೊಮೇಟೊ ಸಾಸಿನಲ್ಲಿ ಬೆಂದ ಬೀನ್ಸ್, ಬೇಕಾದರೆ ತುರಿದ ಚೀಸ್. ಖಾರ ಇಲ್ಲದ್ದಕ್ಕೆ ಚಟ್ನಿಪುಡಿಯ ಪುಟ್ಟ ಡಬ್ಬಿ ಜೇಬಿನಲ್ಲಿರಲಿ.

ಯಾರ್ಕ್‌ನಲ್ಲಿ ಎಲ್ಲರೂ ಹೆಸರು ಹೇಳುವುದು ಸೇಂಟ್ ಹೆಲೆನ್ಸ್ ಸ್ಕ್ವೇರ್‌ನ ಬೆಟ್ಟೀಸ್. ಸ್ವಿಟ್ಜರ್ಲೆಂಡಿನಿಂದ ಬಂದ ಫ್ರೆಡರಿಕ್ ಬೆಲ್‌ಮಾಂಟ್ 1919ರಲ್ಲಿ ಹ್ಯಾರೊಗೇಟ್‌ನಲ್ಲಿ ಶುರುಮಾಡಿದ ಟೀ ಅಂಗಡಿಯ ಇಲ್ಲಿನ ಶಾಖೆ ಅದು. ವಾರಾಂತ್ಯದ ಮಧ್ಯಾಹ್ನ ಅಲ್ಲಿ ಸಾಲು ಬೀದಿಗೆ ಬಂದಿರುತ್ತದೆ. ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿಗೆ ಹೋಗಿ, ಇಲ್ಲವೇ ಅವರ ಅಂಗಡಿಯಿಂದ 'ಫ್ಯಾಟ್ ರ‍್ಯಾಸ್ಕಲ್' (ಒಣಹಣ್ಣು ಹಾಕಿದ ದಪ್ಪ ಸ್ಕೋನ್) ಕಟ್ಟಿಸಿಕೊಂಡು ಮ್ಯೂಸಿಯಂ ಗಾರ್ಡನ್ಸ್‌ನ ಹುಲ್ಲಿನ ಮೇಲೆ ಕೂತು ತಿನ್ನಿ. ಶ್ಯಾಂಬಲ್ಸ್ ಒಂದು ಕಾಲಕ್ಕೆ ಕಟುಕರ ಓಣಿ; ಅದರ ಬೆನ್ನಿಗಿರುವ ಶ್ಯಾಂಬಲ್ಸ್ ಮಾರ್ಕೆಟ್‌ನ ಗಾಡಿ ಊಟ ಓಣಿಯೊಳಗಿನ ಕೆಫೆಗಳಿಗಿಂತ ಅಗ್ಗ, ಬಗೆಯೂ ಹೆಚ್ಚು. ರಾತ್ರಿಯೂಟಕ್ಕೆ ಫಾಸ್‌ಗೇಟ್, ವಾಮ್‌ಗೇಟ್ ಕಡೆ ನಡೆಯಿರಿ, ಹತ್ತು ನಿಮಿಷದ ದಾರಿ. ಇನ್ನೊಂದು ಮಾತು: ಉತ್ತರದ ಕಡೆ ಅನೇಕರ ಬಾಯಲ್ಲಿ 'ಡಿನ್ನರ್' ಎಂದರೆ ಮಧ್ಯಾಹ್ನದ ಊಟ, 'ಟೀ' ಎಂದರೆ ರಾತ್ರಿಯೂಟ. ಮನೆಗೆ ಟೀಗೆ ಕರೆದರೆ ಹೊಟ್ಟೆ ಖಾಲಿ ಇಟ್ಟುಕೊಂಡೇ ಹೋಗಿ.

ಬಾತ್‌ನ ಸ್ಯಾಲಿ ಲನ್ಸ್ ಎಂಬ ಟೀ ಅಂಗಡಿಯಲ್ಲಿ ಬನ್ ಅಂಗೈಗಿಂತ ದೊಡ್ಡದು. ಕೊಡುವುದು ಅರ್ಧ: ಸಿಹಿಗೆ ಮೇಲಿನ ಅರ್ಧ, ಖಾರದ್ದಕ್ಕೆ ಕೆಳಗಿನ ಅರ್ಧ. ಅರ್ಧ ಬನ್ ಬಂತೆಂದು ಬೇಸರ ಬೇಡ, ಅಲ್ಲಿನ ಕ್ರಮವೇ ಅದು. ಆದರೆ ಅದರ ಹಿಟ್ಟಿಗೆ ಮೊಟ್ಟೆ ಸೇರಿದೆ. ನೆಲಮಾಳಿಗೆಯ ಹಳೆಯ ಅಡುಗೆಮನೆಯನ್ನು ನೋಡಿ ಬನ್ನಿ. ರೋಮನ್ ಸ್ನಾನಗೃಹದ ಪಕ್ಕದ ಪಂಪ್ ರೂಮ್ ರೆಸ್ಟೋರೆಂಟ್ ಚೆಂದ, ದುಬಾರಿ. ಮೂರು ಅಂತಸ್ತಿನ ತಟ್ಟೆಯ 'ಆಫ್ಟರ್‌ನೂನ್ ಟೀ' ಇಂಥ ಕಡೆ ತಲೆಗೆ ಸುಮಾರು 30 ಪೌಂಡಿನಿಂದ ಮೇಲೆ. ಸಸ್ಯಾಹಾರದ ತಟ್ಟೆ ಬೇಕಿದ್ದರೆ ಒಂದೆರಡು ದಿನ ಮೊದಲೇ ಹೇಳಬೇಕು, ಇಲ್ಲದಿದ್ದರೆ ಬರುವುದು ಹ್ಯಾಮ್, ಸಾಲ್ಮನ್, ಮೊಟ್ಟೆಯ ಸ್ಯಾಂಡ್‌ವಿಚ್. ಎರಡು ಸ್ಕೋನ್, ಜಾಮ್, ಗಟ್ಟಿ ಕೆನೆ, ಒಂದು ಪಾತ್ರೆ ಚಹಾ ಇರುವ 'ಕ್ರೀಮ್ ಟೀ' ಅದರ ಮೂರನೇ ಒಂದರಷ್ಟು ಬೆಲೆಗೆ ಸಿಗುತ್ತದೆ. ನಮ್ಮ ಸಲಹೆ ಅದೇ. ಬಾತ್‌ನ ಬಯಲಲ್ಲಿ ತಿನ್ನುವಾಗ ಕಡಲಕ್ಕಿಗಳ ಮೇಲೆ ಕಣ್ಣಿರಲಿ, ಕೈಯಲ್ಲಿರುವುದನ್ನೇ ಹಾರಿಸಿಕೊಂಡು ಹೋಗುತ್ತವೆ.

ಆಕ್ಸ್‌ಫರ್ಡ್‌ನಲ್ಲಿ 1774ರಿಂದ ನಡೆಯುತ್ತಿರುವ ಕವರ್ಡ್ ಮಾರ್ಕೆಟ್ (ಸೂರಿನಡಿಯ ಮಾರುಕಟ್ಟೆ) ಮಳೆಗೂ ಸೈ, ಮಧ್ಯಾಹ್ನಕ್ಕೂ ಸೈ. ಸಂಜೆಯ ಊಟಕ್ಕೆ ಮ್ಯಾಗ್ಡಲೆನ್ ಸೇತುವೆ ದಾಟಿ ಕೌಲಿ ರೋಡ್‌ಗೆ ಹೋಗಿ. ಸೇತುವೆಯ ಹೆಸರನ್ನು ಅಲ್ಲಿ 'ಮಾಡ್ಲಿನ್' ಎನ್ನುತ್ತಾರೆ.

ಇಂಡಿಯನ್ ರೆಸ್ಟೋರೆಂಟುಗಳು ಸಣ್ಣ ಊರಲ್ಲೂ ಇವೆ. ಬಹಳಷ್ಟನ್ನು ನಡೆಸುವವರು ಸಿಲ್ಹೆಟ್ ಮೂಲದ ಬಾಂಗ್ಲಾದೇಶೀಯರು. ಇಡ್ಲಿ, ಸಾರು ಬಯಸಿ ಹೋಗಬೇಡಿ. ದಾಲ್, ಅನ್ನ, ಪಲ್ಯದಂಥ 'ಸೈಡ್ ಡಿಶ್'ಗಳು ನಂಬಬಹುದಾದವು. ಅನೇಕವು ತೆರೆಯುವುದು ಸಂಜೆ ಐದರ ಮೇಲೆ.

ಭಾನುವಾರಕ್ಕೆ ಬೇರೆ ಲೆಕ್ಕ. ಪಬ್‌ಗಳಲ್ಲಿ 'ಸಂಡೇ ರೋಸ್ಟ್' (ಹುರಿದ ಮಾಂಸ, ಆಲೂಗಡ್ಡೆ, ತರಕಾರಿಯ ಭಾನುವಾರದ ಊಟ) ಇರುತ್ತದೆ, ಶುಕ್ರವಾರವೇ ಜಾಗ ಕಾಯ್ದಿರಿಸದಿದ್ದರೆ ಸಿಗುವುದು ಕಷ್ಟ, ಮಾಡಿಟ್ಟದ್ದು ಮುಗಿದರೆ ಮುಗಿಯಿತು. ದೊಡ್ಡ ಸೂಪರ್‌ಮಾರ್ಕೆಟ್‌ಗಳು ಅಂದು ತೆರೆಯುವುದು ಬೆಳಿಗ್ಗೆ 10ರಿಂದ ಸಂಜೆ 6ರ ನಡುವೆ ಆರು ಗಂಟೆ ಕಾಲ ಮಾತ್ರ. ಈಸ್ಟರ್ ಭಾನುವಾರ, ಕ್ರಿಸ್ಮಸ್ ದಿನ ಪೂರ್ತಿ ಮುಚ್ಚು. ಅದೇ ಕಂಪನಿಗಳ ಸಣ್ಣ ಅಂಗಡಿಗಳಿಗೆ ಭಾನುವಾರದ ಈ ಕಟ್ಟು ಇಲ್ಲ. ಅಲ್ಲಿನ 'ಮೀಲ್ ಡೀಲ್' (ಒಂದು ಸ್ಯಾಂಡ್‌ವಿಚ್, ಒಂದು ಕುರುಕಲು, ಒಂದು ಪಾನೀಯ) ಸುಮಾರು ನಾಲ್ಕೈದು ಪೌಂಡ್.

ತಂಗುವ ಕೋಣೆಯಲ್ಲಿ ಸಾಮಾನ್ಯವಾಗಿ ನೀರು ಕಾಯಿಸುವ ಕೆಟಲ್ ಇರುತ್ತದೆ. ಬಿಸಿನೀರು ಸುರಿದರೆ ಸಾಕಾಗುವ ಉಪ್ಪಿಟ್ಟು, ಅವಲಕ್ಕಿಯ ನಾಲ್ಕು ಪೊಟ್ಟಣ ಊರಿನಿಂದಲೇ ಒಯ್ದರೆ ತಡರಾತ್ರಿಗೆ ಆಗುತ್ತದೆ. ಒಲೆ ಹಚ್ಚುವ, ಒಗ್ಗರಣೆ ಹಾಕುವ ಯೋಚನೆ ಬೇಡ, ಹೊಗೆಯ ಅಲಾರಂ ಇಡೀ ಕಟ್ಟಡವನ್ನು ಎಬ್ಬಿಸುತ್ತದೆ. ಮಾಂಸ, ಹಾಲಿನ ಪದಾರ್ಥಗಳನ್ನು ಭಾರತದಿಂದ ಒಯ್ಯಲು ಅಲ್ಲಿ ಅನುಮತಿ ಇಲ್ಲ. ತುಪ್ಪದ ಡಬ್ಬಿ, ಧಾರವಾಡದ ಪೇಡ ಮನೆಯಲ್ಲೇ ಇರಲಿ.