"ಡ್ರೂಯಿಡರು ನಮ್ಮವರೇ ಅಲ್ವಾ?" ಅನ್ನುವವರಿಗೆ

ಅಲ್ಲ. ನಮ್ಮವರಲ್ಲ.

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಮದುವೆ ಮನೆಯಲ್ಲಿ ಕೇಳಿದ್ದಾರೆ, ಫೋನಿನಲ್ಲಿ ಕೇಳಿದ್ದಾರೆ, ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೆ ಅದೇ ಫಾರ್ವರ್ಡ್ ಮತ್ತೆ ಮತ್ತೆ ಬರುತ್ತದೆ. ನಾನಿರುವುದು ಇಂಗ್ಲೆಂಡಿನಲ್ಲಿ, ವೇಲ್ಸ್ ಗಡಿಯ ಹತ್ತಿರ. ಹೊಟ್ಟೆಪಾಡಿನ ಕೆಲಸ ಬೇರೆ, ಬಿಡುವಿದ್ದಾಗ ಓದುವುದು ಹಳೆಯ ಕೆಲ್ಟ್ ಜನರ, ಅಂದರೆ ಹಿಂದೆ ಬ್ರಿಟನ್, ಫ್ರಾನ್ಸ್ ಕಡೆ ಇದ್ದ ಬುಡಕಟ್ಟುಗಳ ಇತಿಹಾಸ. ಡ್ರೂಯಿಡರು ಆ ಜನರ ಪುರೋಹಿತರು. ಅದು ಗೊತ್ತಾದ ಕೂಡಲೇ ಎಲ್ಲರದೂ ಒಂದೇ ಮಾತು: "ಆ ಡ್ರೂಯಿಡ್ ಪುರೋಹಿತರು ನಮ್ಮ ಕಡೆಯಿಂದ ಹೋದವರೇ ಅಲ್ವಾ?" ಇನ್ನು ಮುಂದೆ ಕೇಳಿದವರಿಗೆ ಈ ಬರಹ ಕಳಿಸುತ್ತೇನೆ.

"ಅವರು ಯಾರು?" ಎಂದು ಯಾರೂ ಕೇಳುವುದಿಲ್ಲ. "ನಮ್ಮವರೇ ಅಲ್ವಾ?" ಎಂದೇ ಶುರು. ಆ "ಅಲ್ವಾ"ದಲ್ಲಿ ಉತ್ತರ ಮೊದಲೇ ಇದೆ, ನಾನು ತಲೆ ಆಡಿಸಿದರೆ ಮುಗಿಯಿತು. ಇದೇ ನನಗೆ ಸಿಟ್ಟು ಬರಿಸುವುದು. ಅದೂ ಅಲ್ಲದೆ "ನಮ್ಮವರು" ಯಾರು ಎಂಬುದು ಕೇಳುವವರಿಗೆ ತಕ್ಕಂತೆ ಬದಲಾಗುತ್ತದೆ. ಬ್ರಾಹ್ಮಣರು ಅಲ್ಲಿಗೆ ಹೋಗಿ ಡ್ರೂಯಿಡರಾದರು ಎಂದು ಒಬ್ಬರು. ಡ್ರೂಯಿಡ್ ಅಂದರೆ ದ್ರಾವಿಡ, ಹೆಸರಲ್ಲೇ ಇದೆಯಲ್ಲ ಎಂದು ಇನ್ನೊಬ್ಬರು. ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುವಾಗ ಎರಡನ್ನೂ ಕೇಳಿದ್ದೇನೆ. ಪಾಯಸ ಬರುವ ಹೊತ್ತಿಗೆ ಆ ಇಬ್ಬರ ನಡುವೆ ಜಗಳ ಹತ್ತಿತ್ತು. ಡ್ರೂಯಿಡರ ಬಗ್ಗೆ ಮಾತ್ರ ಇಬ್ಬರೂ ಒಂದು ಮಾತೂ ಕೇಳಲಿಲ್ಲ.

ಮೊದಲು ಪದದ ವಿಷಯ ಮುಗಿಸಿಬಿಡುತ್ತೇನೆ. ದ್ರಾವಿಡ ಎಂಬುದು ತಮಿಳ್, ದಮಿಳ, ದ್ರಮಿಡ ಎಂಬ ಹಾದಿಯ ಪದ. ಡ್ರೂಯಿಡ್ ಬೇರೆ ಹಾದಿಯದು, ಎರಡು ತುಂಡು ಸೇರಿ ಆದದ್ದು. ಮೊದಲ ತುಂಡು ಓಕ್ ಮರ ಅಥವಾ ಗಟ್ಟಿ ಎನ್ನುವ ಅರ್ಥದ್ದು. ಎರಡನೆಯದು ತಿಳಿಯುವುದು. ಸಂಸ್ಕೃತದ ದ್ರುಮ, ದಾರು ಆ ಮೊದಲನೆಯದರ ನೆಂಟರು. ವಿದ್ಯೆ, ವೇದ ಎರಡನೆಯದರ ನೆಂಟರು. ಇಷ್ಟು ಹೇಳಿದರೆ ಸಾಕು, "ನೋಡಿದ್ಯಾ!" ಅನ್ನುತ್ತಾರೆ. ಸ್ವಲ್ಪ ತಾಳಿ. ಇಂಗ್ಲಿಷಿನ ಟ್ರೀ, ವಿಟ್, ವೈಸ್ ಕೂಡ ಅದೇ ಬೇರಿನವು. ಗಾಲ್ ಎಂಬ ಕೆಲ್ಟ್ ನಾಡಿನ ನಾಯಕ ವರ್ಸಿಂಗೆಟೊರಿಕ್ಸ್ ಹೆಸರಿನ ಕೊನೆಯ ರಿಕ್ಸ್, ಲ್ಯಾಟಿನ್ನಿನ ರೆಕ್ಸ್, ಸಂಸ್ಕೃತದ ರಾಜ, ಮೂರೂ ಒಂದೇ ಕುಟುಂಬ. ಈ ಭಾಷೆಗಳಿಗೆಲ್ಲ ಒಬ್ಬಳು ಮುತ್ತಜ್ಜಿ ಇದ್ದಳು. ಮುತ್ತಜ್ಜಿ ಒಬ್ಬಳೇ ಅಂದ ಮಾತ್ರಕ್ಕೆ ದಾಯಾದಿಗಳ ಮಕ್ಕಳು ನಮ್ಮ ಹೊಟ್ಟೆಯಲ್ಲಿ ಹುಟ್ಟಿದವರಾಗುವುದಿಲ್ಲ.

ಹಾಗಾದರೆ ಅವರು ಯಾರು? ಜಾಸ್ತಿ ಹೇಳಿರುವವನು ರೋಮಿನ ಸೇನಾಪತಿ ಜೂಲಿಯಸ್ ಸೀಸರ್. ಕ್ರಿ.ಪೂ. 58ರಿಂದ ಗಾಲ್ ದೇಶವನ್ನು, ಅಂದರೆ ಇಂದಿನ ಫ್ರಾನ್ಸ್ ಕಡೆಯ ನೆಲವನ್ನು, ಗೆಲ್ಲುತ್ತಾ ಹೋದವನು. ಅಲ್ಲಿ ಮರ್ಯಾದೆ ಇರುವ ವರ್ಗ ಎರಡೇ, ಒಂದು ಕುದುರೆ ಏರುವ ಯೋಧರು, ಇನ್ನೊಂದು ಡ್ರೂಯಿಡರು ಎನ್ನುತ್ತಾನೆ. ಪುರೋಹಿತರು ಎಂದರೆ ಸಾಲದು. ಬಲಿ ಕೊಡಿಸುವುದು ಅವರೇ, ನ್ಯಾಯ ಹೇಳುವುದೂ ಅವರೇ. ಕೊಲೆ, ಆಸ್ತಿ ಪಾಲು, ಗಡಿ ತಕರಾರು ಎಲ್ಲ ಅವರ ಮುಂದೆ ಬರುತ್ತಿತ್ತು. ತೀರ್ಪು ಒಪ್ಪದವನನ್ನು ಬಲಿಪೂಜೆಯಿಂದ ಹೊರಗಿಡುತ್ತಿದ್ದರು. ಆಮೇಲೆ ಅವನ ಜೊತೆ ಯಾರೂ ಮಾತಾಡುತ್ತಿರಲಿಲ್ಲ, ಅವನು ದೂರು ತಂದರೆ ಯಾರೂ ಕೇಳುತ್ತಿರಲಿಲ್ಲ. ವರ್ಷಕ್ಕೊಮ್ಮೆ ಕಾರ್ನುಟೀಸ್ ಎಂಬ ಬುಡಕಟ್ಟಿನ ನೆಲದಲ್ಲಿ, ಈಗಿನ ಶಾರ್ತ್ರ್ ಪಟ್ಟಣದ ಸೀಮೆಯಲ್ಲಿ, ಎಲ್ಲರೂ ಸೇರುತ್ತಿದ್ದರು. ಯುದ್ಧಕ್ಕೆ ಹೋಗಬೇಕಿರಲಿಲ್ಲ, ತೆರಿಗೆಯೂ ಇರಲಿಲ್ಲ. ಹಾಗಾಗಿ ಎಷ್ಟೋ ಹುಡುಗರು ತಾವಾಗಿಯೇ ಕಲಿಯಲು ಬರುತ್ತಿದ್ದರು. ಇನ್ನು ಕೆಲವರನ್ನು ಅಪ್ಪ ಅಮ್ಮ ಕಳಿಸುತ್ತಿದ್ದರು. ಕೆಲವರ ಕಲಿಕೆ 20 ವರ್ಷ ನಡೆಯುತ್ತಿತ್ತು. ಎಲ್ಲ ಬಾಯಿಪಾಠ. ಮಿಕ್ಕ ವ್ಯವಹಾರಕ್ಕೆ ಗ್ರೀಕ್ ಅಕ್ಷರ ಬಳಸುತ್ತಿದ್ದ ಜನ ಈ ವಿದ್ಯೆಯನ್ನು ಮಾತ್ರ ಬರೆಯುತ್ತಿರಲಿಲ್ಲ. ಅದು ಕಂಡಕಂಡವರ ಕೈಗೆ ಸಿಗಬಾರದು, ಬರಹ ನಂಬಿಕೊಂಡು ಹುಡುಗರ ನೆನಪು ಮಂಕಾಗಬಾರದು, ಈ ಎರಡು ಕಾರಣ ಇರಬೇಕು ಎಂದು ಸೀಸರ್‌ನ ಊಹೆ.

ಬಿಳಿ ಬಟ್ಟೆ, ಚಿನ್ನದ ಕುಡುಗೋಲು, ಓಕ್ ಮರ ಹತ್ತಿ ಬದನಿಕೆ ಕೊಯ್ಯುವ ಮುದುಕ, ಈ ಚಿತ್ರ ರೋಮಿನ ಲೇಖಕ ಪ್ಲಿನಿ ಬರೆದ ಒಂದೇ ಒಂದು ಭಾಗದಿಂದ ಬಂದದ್ದು. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಎಂಬ ಹಳೆಯ ಕಲ್ಲುವೃತ್ತವೂ ಅವರು ಕಟ್ಟಿದ್ದಲ್ಲ. ಅದರ ದೊಡ್ಡ ಕಲ್ಲುಗಳು ಎದ್ದು ನಿಂತು ಎರಡು ಸಾವಿರ ವರ್ಷಕ್ಕೂ ಜಾಸ್ತಿ ಕಳೆದ ಮೇಲೆ ಡ್ರೂಯಿಡರ ಹೆಸರು ಕೇಳಿಬರುವುದು.

ಅವರನ್ನು ಋಷಿಗಳು ಮಾಡುವವರಿಗೂ ಒಂದು ಮಾತು. ನರಬಲಿ ಕೊಡಿಸುತ್ತಿದ್ದರು ಎಂದು ಸೀಸರ್ ಬರೆದಿದ್ದಾನೆ. ಗೆದ್ದವನ ಮಾತು, ಅಳೆದು ನೋಡಿಯೇ ನಂಬಬೇಕು, ನಿಜ. ರೋಮಿನವರೂ ನರಬಲಿಯನ್ನು ಕಾನೂನು ಮಾಡಿ ನಿಲ್ಲಿಸಿದ್ದು ಕ್ರಿ.ಪೂ. 97ರಲ್ಲಿ, ಸೀಸರ್ ಗಾಲ್‌ಗೆ ಹೋಗುವ ಸುಮಾರು ನಲವತ್ತೇ ವರ್ಷ ಮೊದಲು. ಆದರೆ ವೇಲ್ಸಿನ ಆಂಗಲ್ಸೀ ದ್ವೀಪದ ಒಂದು ಕೆರೆಯ ಕಥೆ ಕೇಳಿ. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ವಿಮಾನ ನಿಲ್ದಾಣ ಕಟ್ಟಲು ಕೆಸರು ತೋಡುವಾಗ ಒಂದು ಕಬ್ಬಿಣದ ಸರಪಳಿ ಸಿಕ್ಕಿತು. ಕೆಲಸದವರು ಅದನ್ನೇ ಟ್ರ್ಯಾಕ್ಟರಿಗೆ ಕಟ್ಟಿ, ಕೆಸರಲ್ಲಿ ಹೂತ ಲಾರಿಗಳನ್ನು ಎಳೆದರು. ಸರಪಳಿ ತುಂಡಾಗಲಿಲ್ಲ. ಅದು ಎರಡು ಸಾವಿರ ವರ್ಷ ಹಳೆಯದು, ಮನುಷ್ಯರನ್ನು ಸಾಲಾಗಿ ಕಟ್ಟಿ ನಡೆಸುವಂಥದ್ದು ಎಂದು ಆಮೇಲೆ ಗೊತ್ತಾಯಿತು. ಐದು ಕೊರಳಿಗೆ ಐದು ಬಳೆ. ಅದರ ಜೊತೆ ಕತ್ತಿ, ಈಟಿ, ರಥದ ಭಾಗಗಳೂ ಸಿಕ್ಕವು. ಇವೆಲ್ಲ ದೇವರಿಗೆಂದು ನೀರಿಗೆ ಬಿಟ್ಟವು ಎನ್ನುತ್ತಾರೆ ವಿದ್ವಾಂಸರು. ಆ ದ್ವೀಪ ಡ್ರೂಯಿಡರ ನೆಲೆಯಾಗಿತ್ತು. ಅವರನ್ನು "ನಮ್ಮವರು" ಎನ್ನುವವರು ಆ ಸರಪಳಿಯನ್ನೂ ನಮ್ಮದು ಅನ್ನಬೇಕಾಗುತ್ತದೆ.

ಅದೇ ಆಂಗಲ್ಸೀಗೆ ಎರಡು ವರ್ಷದ ಹಿಂದೆ ಸೋದರಮಾವನನ್ನು ಕರೆದುಕೊಂಡು ಹೋಗಿದ್ದೆ. ಮಾವ ಚಿಕ್ಕಂದಿನಲ್ಲಿ ಆರು ವರ್ಷ ಪಾಠಶಾಲೆಯಲ್ಲಿ ವೇದ ಕಲಿತವರು, ಆಮೇಲೆ ಬ್ಯಾಂಕ್ ಕೆಲಸಕ್ಕೆ ಸೇರಿದವರು. ಈಗಲೂ ಬೆಳಗ್ಗೆ ಕಾಫಿ ಕಾಯಿಸುತ್ತಾ ಬಾಯಲ್ಲಿ ಏನಾದರೂ ಗುನುಗುತ್ತಿರುತ್ತಾರೆ. ಕಾರಿನಲ್ಲಿ ದಾರಿಯುದ್ದಕ್ಕೂ ಅದೇ ಪ್ರಶ್ನೆ. "ಅಲ್ಲ ಕಣೇ, ಬಾಯಿಪಾಠ ಅಂತೀಯ, ವಿದ್ ಅಂತೀಯ, ಮತ್ತೆ ನಮ್ಮೋರಲ್ಲ ಅಂದ್ರೆ ಹೇಗೆ?" ನಾನೂ ದನಿ ಏರಿಸಿದೆ. ಇಬ್ಬರೂ ಮುಖ ಗಂಟು ಹಾಕಿಕೊಂಡೇ, ವೇಲ್ಸ್ ನೆಲಕ್ಕೂ ಆ ದ್ವೀಪಕ್ಕೂ ನಡುವಿನ ಮೆನೈ ಜಲಸಂಧಿಯ ದಡದಲ್ಲಿ ಇಳಿದೆವು.

ಅದು ದೊಡ್ಡ ಸಮುದ್ರವಲ್ಲ. ದೊಡ್ಡ ಹೊಳೆಯಷ್ಟು ಅಗಲ. ಆಚೆ ದಡದ ಮರ, ಮನೆ ಎಲ್ಲ ಕಾಣುತ್ತದೆ. ಕ್ರಿ.ಶ. 60ರ ಸುಮಾರಿಗೆ ರೋಮಿನ ಸೈನ್ಯ ಈಚೆ ನಿಂತಿತ್ತು. ಆಚೆ ದಡದಲ್ಲಿ ಆಯುಧ ಹಿಡಿದ ಜನ. ಅವರ ನಡುವೆ ಕಪ್ಪು ಬಟ್ಟೆಯ ಹೆಂಗಸರು ಕೂದಲು ಕೆದರಿಕೊಂಡು, ಪಂಜು ಹಿಡಿದು ಓಡಾಡುತ್ತಿದ್ದರು. ಸುತ್ತ ಡ್ರೂಯಿಡರು ಕೈ ಮೇಲೆತ್ತಿ ಶಾಪ ಹಾಕುತ್ತಿದ್ದರು. ಸೈನಿಕರು ಮೈ ಮರಗಟ್ಟಿದಂತೆ ನಿಂತುಬಿಟ್ಟರು ಎಂದು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ. ಆಮೇಲೆ ಸೇನಾಪತಿ ಬೈದು ಹುರಿದುಂಬಿಸಿದ, ದೋಣಿಗಳು ದಾಟಿದವು, ಎದುರಿಗೆ ಸಿಕ್ಕವರನ್ನೆಲ್ಲ ಕೊಂದರು, ದೇವರ ಬನಗಳನ್ನು ಕಡಿದುಹಾಕಿದರು.

ಇಷ್ಟು ಹೇಳಿ ಮುಗಿಸಿದೆ. ಮಾವ ನೀರು ನೋಡುತ್ತಾ ಸುಮ್ನೆ ನಿಂತಿದ್ದರು. ಆಮೇಲೆ ಕೇಳಿದರು: "ಒಬ್ಬನಾದ್ರೂ ಉಳೀಲಿಲ್ವೇನೇ? ಒಬ್ಬ ಉಳಿದು, ಒಬ್ಬ ಹುಡುಗನಿಗೆ ಹೇಳಿಕೊಟ್ಟಿದ್ರೂ ಸಾಕಿತ್ತಲ್ಲ."

ಈ ಪ್ರಶ್ನೆಗಾಗಿ ನಾನು ಇಷ್ಟು ವರ್ಷ ಕಾದಿದ್ದೆ. ವೇದವೂ ಬಹಳ ಕಾಲ ಬರೆಯದೆ ಉಳಿದದ್ದೇ. ಪದ, ಕ್ರಮ, ಜಟೆ, ಘನ ಎಂದು ಒಂದೇ ಮಂತ್ರವನ್ನು ಹಿಂದೆ ಮುಂದೆ ಹೆಣೆದು, ಒಂದು ಅಕ್ಷರ ಜಾರದ ಹಾಗೆ ಬಾಯಿಂದ ಬಾಯಿಗೆ ದಾಟಿಸಿದರು. ಡ್ರೂಯಿಡರ 20 ವರ್ಷದ ಪಾಠದಲ್ಲಿ ಒಂದು ಸಾಲೂ ನಮ್ಮ ಕೈಗೆ ಬಂದಿಲ್ಲ. ಯಾಕೆ? ಅಂದು ಮಾವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಉಳಿದರು. ಎಲ್ಲರೂ ಕತ್ತಿಗೆ ಬಲಿಯಾಗಲಿಲ್ಲ. ಗಾಲ್‌ನಲ್ಲಿ ಇಂಥವನೇ ಎಂದು ನಾವು ಹೆಸರು ಹಿಡಿದು ಹೇಳಬಹುದಾದ ಆ ಕಾಲದ ಡ್ರೂಯಿಡ್ ಒಬ್ಬನೇ, ಎಡುಯಿ ಬುಡಕಟ್ಟಿನ ಡಿವಿಸಿಯಾಕಸ್. ಕ್ರಿ.ಪೂ. 61ರಲ್ಲಿ ಸಹಾಯ ಕೇಳಲು ರೋಮಿಗೆ ಹೋದವನು. ಅವನು ಡ್ರೂಯಿಡ್, ಪ್ರಕೃತಿಯನ್ನು ಬಲ್ಲವನು ಎಂದು ರೋಮಿನ ವಾಗ್ಮಿ ಸಿಸೆರೊ ಬರೆದಿದ್ದಾನೆ. ಎಂಬತ್ತು ವರ್ಷ ಮುಂದೆ ಬನ್ನಿ. ಕ್ರಿ.ಶ. 21ರಲ್ಲಿ ಅದೇ ಎಡುಯಿಗಳ ಹೊಸ ಪಟ್ಟಣದಲ್ಲಿ, ಈಗಿನ ಓತೂನಿನಲ್ಲಿ, ಗಾಲ್‌ನ ದೊಡ್ಡ ಮನೆತನದ ಹುಡುಗರು ರೋಮನ್ ವಿದ್ಯೆ ಕಲಿಯುತ್ತಿದ್ದರು. ಅಧಿಕಾರ, ಹುದ್ದೆ ಎಲ್ಲ ಈಗ ಲ್ಯಾಟಿನ್ ಬಲ್ಲವರಿಗೆ. ಡ್ರೂಯಿಡರ ಮೇಲೆ ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ನಿಷೇಧ ಬೇರೆ. ಗುಹೆಯಲ್ಲಿ, ಕಾಡಿನ ಮರೆಯಲ್ಲಿ ಕದ್ದು ಪಾಠ ನಡೆಯುತ್ತಿತ್ತು ಎಂಬ ಮಾತೂ ಇದೆ. ಕದ್ದು 20 ವರ್ಷ ಯಾವ ಅಪ್ಪ ಮಗನನ್ನು ಕಳಿಸುತ್ತಾನೆ?

ನಾಲ್ಕನೇ ಶತಮಾನದಲ್ಲಿ, ಈಗಿನ ಫ್ರಾನ್ಸಿನ ಬೋರ್ಡೋದಲ್ಲಿ ಫೀಬಿಸಿಯಸ್ ಎಂಬ ಮುದುಕನಿದ್ದ. ಡ್ರೂಯಿಡರ ವಂಶದವನು ಎಂದು ಹೆಸರು. ಬೆಲೆನಸ್ ದೇವರ ಗುಡಿಯ ಪಾರುಪತ್ಯ ನೋಡುತ್ತಿದ್ದ, ಅದರಿಂದ ಏನೂ ಹುಟ್ಟುತ್ತಿರಲಿಲ್ಲ. ಕೊನೆಗೆ ಮಗನ ನೆರವಿನಿಂದ ಕೆಲಸ ಸಿಕ್ಕಿತು. ಯಾವ ಕೆಲಸ? ಪಾಠ ಹೇಳುವುದೇ. ಆದರೆ ಹೇಳಿದ್ದು ರೋಮಿನವರ ಪಾಠ.

ಇದನ್ನು ಕೇಳಿ ಮಾವ ಕನ್ನಡಕ ತೆಗೆದು ಒರೆಸಿಕೊಂಡರು. "ನಾನೂ ಬ್ಯಾಂಕಿಗೆ ಸೇರಿದೆನಲ್ಲೇ" ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಹೋದ ವರ್ಷ ಫ್ರಾನ್ಸಿನ ಲಿಯಾನ್‌ಗೆ ಹೋಗಿದ್ದೆ. ಅಲ್ಲಿನ ಮ್ಯೂಸಿಯಂನಲ್ಲಿ ಒಂದು ಕಂಚಿನ ಪಂಚಾಂಗ ಇದೆ. 1897ರಲ್ಲಿ ಕೊಲಿನ್ಯಿ ಎಂಬ ಊರಲ್ಲಿ ಚೂರುಚೂರಾಗಿ ಸಿಕ್ಕಿದ್ದು. ಅಕ್ಷರ ಲ್ಯಾಟಿನ್, ಭಾಷೆ ಗಾಲ್ ಜನರದು. ಐದು ವರ್ಷದ ಲೆಕ್ಕ, ಒಟ್ಟು 62 ತಿಂಗಳು. ಪ್ರತಿ ತಿಂಗಳೂ ಎರಡು ಭಾಗ. ಇದು ಡ್ರೂಯಿಡರ ಲೆಕ್ಕವೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಒಂದೊಂದು ದಿನದ ಪಕ್ಕದಲ್ಲೂ ಒಂದು ಸಣ್ಣ ತೂತು. ದಿನಕ್ಕೊಂದು ತೂತು ದಾಟಿಸುತ್ತಾ ಹೋಗಲು ಒಂದು ಕಡ್ಡಿ ಇರುತ್ತಿತ್ತು. ನಾನು ಬಹಳ ಹೊತ್ತು ಆ ತೂತುಗಳನ್ನೇ ನೋಡಿದೆ. ಪ್ರತಿದಿನ ಯಾರೋ ಬಂದು, ಕಡ್ಡಿ ಕಿತ್ತು, ಪಕ್ಕದ ತೂತಿಗೆ ಇಟ್ಟು ಹೋಗಿದ್ದಾರೆ.

ಹೌದು, ನಮ್ಮ ಹಳೆಯ ಪಂಚಾಂಗ ಗ್ರಂಥ ವೇದಾಂಗ ಜ್ಯೋತಿಷದ ಯುಗವೂ, ಅಂದರೆ ಲೆಕ್ಕದ ಒಂದು ಸುತ್ತೂ, ಐದು ವರ್ಷ, 62 ತಿಂಗಳೇ. ಇದಕ್ಕೂ "ನೋಡಿದ್ಯಾ!" ಅನ್ನಬೇಡಿ. ಇಬ್ಬರಿಗೂ ಒಬ್ಬನೇ ಚಂದ್ರ, ಒಬ್ಬನೇ ಸೂರ್ಯ. ಎರಡನ್ನೂ ಹೊಂದಿಸಲು ಕೂತರೆ ಲೆಕ್ಕ ಅಲ್ಲಿಗೇ ಬರುತ್ತದೆ.

ಮಾವನಿಗೆ ಫೋಟೋ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. ನಮ್ಮದಾ, ಅವರದಾ ಎಂದು ಕೇಳಲಿಲ್ಲ.

"ಅಧಿಕ ಮಾಸ ಎಷ್ಟು ತಿಂಗಳಿಗೆ ಹಾಕ್ತಾರೆ ಇವರು?"

"ಮೂವತ್ತಕ್ಕೆ, ಮಾವ."

"ನಮ್ಮಲ್ಲಿ ಈಗ ಮೂವತ್ತೆರಡು, ಮೂವತ್ತಮೂರು. ಮೂವತ್ತಾದ್ರೆ ಬೇಗ ಆಯ್ತಲ್ಲೇ. ಆ ಹೆಚ್ಚಿನ ದಿನ ಎಲ್ಲಿ ಕಳೀತಿದ್ರು? ಪೆನ್ನು ತಗೋತೀನಿ, ಇರು."