ವಾಶ್ ಹಾಕಿದ್ದೇ ಹಾಕಿದ್ದು

ನಮ್ಮ ವಾಟರ್‌ಕಲರ್ ಮೇಷ್ಟ್ರು ಮೊದಲ ವರ್ಷ ಪೂರ್ತಿ ಒಂದು ಚಿತ್ರಾನೂ ಮುಗಿಸೋಕೆ ಬಿಡ್ಲಿಲ್ಲ. ನಾವೆಲ್ಲ ಊರಲ್ಲಿ ಕ್ಯಾಲೆಂಡರ್ ನೋಡ್ಕೊಂಡು ಬರೆದು ಪ್ರೈಜ್ ತಗೊಂಡೋರೇ, ಚಿತ್ರಕಲೆ ಕಲಿಯೋಕೆ ಮೈಸೂರಿಗೆ ಬಂದಿದ್ದೀವಿ ಅಂದ್ಮೇಲೆ ಅರಮನೆ, ಚಾಮುಂಡಿ ಬೆಟ್ಟ ಬರೆದು ಫ್ರೇಮ್ ಹಾಕ್ಸಿ ಮನೆಗೆ ಕಳಿಸೋ ಆತುರ. ಸರ್ ಕೊಟ್ಟಿದ್ದು ಬರೀ ವಾಶ್, ಅಂದ್ರೆ ನೀರು ಬೆರೆಸಿದ ಬಣ್ಣಾನ ಪೇಪರ್ ಮೇಲೆ ತೆಳ್ಳಗೆ ಒಂದೇ ಸಮ ಹರಡೋದು. ಬೋರ್ಡನ್ನ ಸ್ವಲ್ಪ ಓರೆ ಇಟ್ಟು, ಬ್ರಶ್ ತುಂಬ ಬಣ್ಣ ತಗೊಂಡು ಮೇಲಿಂದ ಅಡ್ಡಡ್ಡ ಎಳೀತಾ ಬಂದ್ರೆ ಕೆಳಅಂಚಲ್ಲಿ ಬಣ್ಣದ ನೀರು ನಿಲ್ಲತ್ತೆ, ಅದು ಒಣಗೋದ್ರೊಳಗೆ ಮುಂದಿನ ಗೆರೆ ಅದನ್ನ ಹಿಡ್ಕೊಬೇಕು, ತಡ ಆದ್ರೆ ಪಟ್ಟೆ ಬೀಳತ್ತೆ. ಏಪ್ರಿಲ್ ಬಿಸಿಲಲ್ಲಿ ನೋಡ್ತಿದ್ದಂಗೇ ಒಣಗ್ತಿತ್ತು, ಜುಲೈನಲ್ಲಿ ಒಣಗೋದೇ ಇಲ್ಲ. ಯಾವಾಗ ಎಷ್ಟು ನೀರು ಅನ್ನೋದು ಕೈಗೇ ಗೊತ್ತಾಗ್ಬೇಕು.

ಒಣಗಿದ್ಮೇಲೆ ಬಣ್ಣ ತಿಳಿಯಾಗತ್ತೆ, ಬಿಳಿ ಬೇಕು ಅಂದ್ರೆ ಪೇಪರನ್ನೇ ಬಿಟ್ಕೋಬೇಕು, ಇದನ್ನೆಲ್ಲ ಪುಸ್ತಕದಲ್ಲಿ ಒಂದ್ನಿಮಿಷದಲ್ಲಿ ಓದ್ಬೋದು, ಆದ್ರೆ ಎಷ್ಟು ತಿಳಿಯಾಗತ್ತೆ ಅನ್ನೋದು ಹಾಕಿ ಹಾಕಿನೇ ಬರ್ಬೇಕು. ಕಪ್ಪು ಟ್ಯೂಬ್ ಮುಟ್ಟೋ ಹಾಗಿರ್ಲಿಲ್ಲ. ಅಲ್ಟ್ರಾಮರೀನ್ ಬ್ಲೂಗೆ ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಪು ಛಾಯೆಯ ಕಂದು ಬಣ್ಣ ಸೇರಿಸಿ ಬೂದು ಮಾಡ್ಕೊಳ್ಳಿ ಅನ್ನೋರು. ನೀಲಿ ಜಾಸ್ತಿಯಾದ್ರೆ ಮಳೆ ಮೋಡ, ಸಿಯೆನ್ನಾ ಜಾಸ್ತಿಯಾದ್ರೆ ಹಳೇ ಗೋಡೆ, ಮಧ್ಯದಲ್ಲಿ ಇನ್ನೂ ಎಷ್ಟೋ.

ಸ್ಕೆಚಿಂಗ್‌ಗೆ ದೇವರಾಜ ಮಾರ್ಕೆಟ್ಟು, ಇಲ್ಲಾಂದ್ರೆ ರೈಲ್ವೆ ಸ್ಟೇಷನ್ನು. ಹೂವಿನೋರು ನಮಗೋಸ್ಕರ ಪೋಸ್ ಕೊಡ್ತಾರಾ? ಪ್ಲಾಟ್‌ಫಾರ್ಮಲ್ಲಿ ಕೂತಿದ್ದೋರು ಟ್ರೈನ್ ಬಂತು ಅಂದ್ರೆ ಎದ್ದೇ ಹೋಗೋರು, ನಮ್ಮ ಪೇಪರಲ್ಲಿ ಅರ್ಧ ಬೆನ್ನು, ಒಂದು ಕೈ, ಬ್ಯಾಗು ಅಷ್ಟೇ ಉಳಿಯೋದು. ಸರ್‌ಗೆ ಅವೇ ಇಷ್ಟ. ಮೂಗು ಕಣ್ಣು ತಿದ್ದಿ ತೀಡಿ ಶೇಡ್ ಮಾಡಿದ್ದ ಪುಟಗಳನ್ನ ಹಾರಿಸ್ಕೊಂಡು ಹೋಗಿ ಆ ಅರ್ಧ ಬೆನ್ನಿನ ಹತ್ರ ನಿಂತು, "ಇಲ್ಲಿ ಭಾರ ಎಡಗಾಲಿಗೆ ಬಿದ್ದಿದೆ ನೋಡಪ್ಪ" ಅನ್ನೋರು. ಚೆನ್ನಾಗಿದೆ ಅನ್ನೋ ಮಾತೇ ಅವರ ಬಾಯಲ್ಲಿ ಬರ್ತಿರ್ಲಿಲ್ಲ. ಸಬ್ಮಿಷನ್ ದಿನಾನೂ ಫೈನಲ್ ಶೀಟ್ ಪಕ್ಕಕ್ಕಿಟ್ಟು ಮೊದ್ಲು ರಫ್ ಶೀಟ್ ಕಟ್ಟು ಬಿಚ್ಚೋರು.

ನನ್ನ ಕೇಳಿದ್ರೆ ವರ್ಷ ಪೂರ್ತಿ ಸ್ವಲ್ಪ ಜಾಸ್ತಿನೇ ಆಯ್ತು, ಕೆಲವು ಫ್ರೆಂಡ್ಸ್ ಬೇಜಾರಾಗಿ ಜಾಹೀರಾತು, ಡಿಸೈನ್ ಕಲಿಸೋ ಅಪ್ಲೈಡ್ ಆರ್ಟ್ ಕಡೆ ಹೋದ್ರು, ಅಲ್ಲಿ ಚೆನ್ನಾಗೇ ಇದ್ದಾರೆ ಬಿಡಿ. ನಾನೀಗ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೀತೀನಿ. ಈಗ್ಲೂ ಬೆಳಗ್ಗೆ ಕೆಲಸ ಶುರು ಮಾಡೋಕ್ಮುಂಚೆ ಒಂದು ಶೀಟ್ ಬರೀ ವಾಶ್ ಹಾಕ್ತೀನಿ, ಮನೇಲಿ ಪೇಪರ್ ದಂಡ ಅಂತ ಬೈತಾರೆ, ವಾಟರ್‌ಕಲರ್‌ಗೆ ಬೇಕಾಗೋ ದಪ್ಪ 300 ಜಿಎಸ್ಎಂ ಪೇಪರ್ ರೇಟ್ ನೋಡಿದ್ರೆ ಅವರು ಹೇಳೋದೂ ಸರಿನೇ ಅನ್ಸತ್ತೆ, ಅದಕ್ಕೇ ಶೀಟಿನ ಹಿಂದುಗಡೆನೂ ಬಿಡಲ್ಲ.