ಕಪ್ಪತಗುಡ್ಡದಲ್ಲಿ ಇಕ್ಥಿಯೋಸಾರ್ ಎಲುಬು ಸಿಗುತ್ತಾ?

ಗದಗ, ಮುಂಡರಗಿ ಕಡೆಯ ಶಾಲೆಗಳಿಗೆ ಪಳೆಯುಳಿಕೆಗಳ ಬಗ್ಗೆ ಮಾತಾಡಲು ಹೋಗುತ್ತಿರುತ್ತೇನೆ. ಟ್ರಯಾಸಿಕ್ ಕಾಲದ ಕಡಲಿನಲ್ಲಿದ್ದ ಇಕ್ಥಿಯೋಸಾರ್ ಎಂಬ ಸರೀಸೃಪದ ಚಿತ್ರ ತೋರಿಸಿದ ಕೂಡಲೇ ಪ್ರಶ್ನೆ ಬರುತ್ತದೆ: "ಸರ್, ನಮ್ಮ ಕಪ್ಪತಗುಡ್ಡದಾಗೂ ಇದರ ಎಲುಬು ಸಿಗ್ತಾವೇನ್ರಿ?" ಹುಡುಗರಷ್ಟೇ ಅಲ್ಲ, ಮಾಸ್ತರರೂ ಕೇಳುತ್ತಾರೆ.

ಸಿಗುವುದಿಲ್ಲ. ನಮ್ಮ ಗುಡ್ಡ ತೀರಾ ಹಳೆಯದು, ಅದೇ ಕಾರಣ.

ಟ್ರಯಾಸಿಕ್ ಅಂದರೆ ಸುಮಾರು 25 ಕೋಟಿಯಿಂದ 20 ಕೋಟಿ ವರ್ಷಗಳ ಹಿಂದಿನ ಕಾಲ. ಕಪ್ಪತಗುಡ್ಡದ ಕಲ್ಲಿಗೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಇಂಥ ಕಲ್ಲುಗಳಿಗೆ 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಧಾರವಾಡದ ಹೆಸರನ್ನೇ ಇಟ್ಟರು. ಗುಡ್ಡದಲ್ಲಿ ಕೆಂಪು, ಕಪ್ಪು ಪಟ್ಟೆಗಳಿರುವ ಭಾರವಾದ ಕಲ್ಲು ನೋಡಿರುತ್ತೀರಿ. ಅದರ ಫೋಟೋ ಕಳಿಸಿ "ಪಕ್ಕೆಲುಬೇನ್ರಿ ಇದು?" ಎಂದು ಕೇಳುವವರಿದ್ದಾರೆ. ಕಬ್ಬಿಣ ಮತ್ತು ಸಿಲಿಕಾ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತು ಆದ ಕಲ್ಲು ಅದು. ಅಂದರೆ ಇಲ್ಲಿ ಕಡಲಿತ್ತು! ಆದರೆ ಆಗ ಎಲುಬಿನ ಪ್ರಾಣಿ ಒಂದೂ ಹುಟ್ಟಿರಲಿಲ್ಲ, ಬರೀ ಸೂಕ್ಷ್ಮಜೀವಿಗಳು. ಇಕ್ಥಿಯೋಸಾರ್ ಬರುವ ಹೊತ್ತಿಗೆ ನಮ್ಮ ಸೀಮೆ ಆಫ್ರಿಕಾ, ಮಡಗಾಸ್ಕರ್ ಜೊತೆ ಕೂಡಿಕೊಂಡಿದ್ದ ದೊಡ್ಡ ಖಂಡದ ಒಳನಾಡು.

ಇಕ್ಥಿಯೋಸಾರ್‌ಗಳು ಡೈನೋಸಾರ್ ಅಲ್ಲ. ನೆಲದ ಮೇಲಿದ್ದ ಸರೀಸೃಪಗಳು ಮತ್ತೆ ನೀರಿಗಿಳಿದು ಹೀಗಾದವು. ಚೀನಾದ ಆನ್ಹುಯಿಯಲ್ಲಿ ಸಿಕ್ಕ ಚಾವೊಹುಸಾರಸ್ ಎಂಬ ಇಕ್ಥಿಯೋಸಾರ್‌ನ ಪಳೆಯುಳಿಕೆಯನ್ನು ನಾನು ಮಕ್ಕಳಿಗೆ ತಪ್ಪದೇ ತೋರಿಸುತ್ತೇನೆ. ಹೆರುವಾಗಲೇ ಸತ್ತ ತಾಯಿ. ಒಂದು ಮರಿ ಹೊಟ್ಟೆಯೊಳಗಿದೆ, ಒಂದು ಅರ್ಧ ಹೊರಬಂದಿದೆ, ಮತ್ತೊಂದು ಪಕ್ಕದಲ್ಲಿ ಬಿದ್ದಿದೆ. ಅರ್ಧ ಬಂದ ಮರಿಯ ತಲೆ ಮುಂದಿದೆ. ನೀರಿನಲ್ಲಿ ಹುಟ್ಟುವ ಡಾಲ್ಫಿನ್ ಮರಿ ಸಾಮಾನ್ಯವಾಗಿ ಬಾಲ ಮೊದಲಾಗಿ ಬರುತ್ತದೆ, ತಲೆ ಮೊದಲು ಬರುವುದು ನೆಲದ ಪ್ರಾಣಿಗಳ ರೀತಿ. ಹಾಗಾಗಿ ಇವುಗಳ ಪೂರ್ವಜರು ನೆಲದ ಮೇಲಿದ್ದಾಗಲೇ ಮರಿ ಹಾಕುತ್ತಿದ್ದಿರಬೇಕು ಎಂದು 2014ರಲ್ಲಿ ವಿಜ್ಞಾನಿಗಳು ಬರೆದರು. ಆ ತಾಯಿಯನ್ನು ನೋಡಿದಾಗಲೆಲ್ಲ ನನಗೆ ಕರುಳು ಚುರ್ ಅನ್ನುತ್ತದೆ.

ನಮ್ಮ ದೇಶದಲ್ಲಿ ಟ್ರಯಾಸಿಕ್ ಕಡಲಿನ ತಳ ನೋಡಬೇಕೆಂದರೆ ಹಿಮಾಲಯ ಹತ್ತಬೇಕು. ಆಗ ಭಾರತದ ಉತ್ತರದ ಅಂಚಿಗೆ ಟೆಥಿಸ್ ಸಮುದ್ರವಿತ್ತು. ಮುಂದೆ ಭಾರತ ಏಷ್ಯಾಕ್ಕೆ ಗುದ್ದಿದಾಗ ಅದರ ತಳ ಮಡಚಿಕೊಂಡು ಮೇಲೆದ್ದಿತು. ಟಿಬೆಟ್‌ನಲ್ಲಿ ಸಿಕ್ಕ ಭಾರಿ ಇಕ್ಥಿಯೋಸಾರ್‌ಗೆ 1972ರಲ್ಲಿ ಹಿಮಾಲಯಸಾರಸ್ ಎಂದೇ ಹೆಸರಿಟ್ಟರು. ಹಿಮಾಚಲದ ಸ್ಪಿತಿಯಲ್ಲೂ ಆ ಕಡಲಿನ ಸುಣ್ಣಕಲ್ಲಿನ ಪದರಗಳಿವೆ. ಹೋದರೆ ಕಣ್ತುಂಬ ನೋಡಿ, ಫೋಟೋ ತೆಗೆಯಿರಿ, ಏನನ್ನೂ ಕಿತ್ತು ತರಬೇಡಿ. ಯಾವ ಪದರದಲ್ಲಿತ್ತು ಅನ್ನುವುದು ಕೈತಪ್ಪಿದರೆ ಅದರ ವಯಸ್ಸು ಹೇಳುವುದು ಬಹಳ ಕಷ್ಟ.